ಇಪ್ಪತ್ತರಿಂದ ಮೂರಕ್ಕೆ

ಬೆಳಿಗ್ಗೆ ಒಂಬತ್ತೂಕಾಲಿಗೆ ಅವನು ಪರೀಕ್ಷೆ ಕೋಣೆಯ ಬಾಗಿಲು ತಳ್ಳಿದಾಗ ಯಂತ್ರ ಕೂಗುತ್ತಿರಲಿಲ್ಲ. ಕೂಗುತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೇಜಿನ ಮೇಲೆ ಅದು ತನ್ನ ಪಾಡಿಗೆ ತಾನು ಸಿರಿಂಜನ್ನು ಹಿಂದಿನಿಂದ ಒತ್ತುತ್ತಾ, ಗಂಟೆಗೆ ಐದು ಮಿಲಿಲೀಟರಿನ ಲೆಕ್ಕದಲ್ಲಿ, ಗಾಜಿನ ಬಟ್ಟಲಿಗೆ ನೀರು ತೊಟ್ಟಿಕ್ಕಿಸುತ್ತಿತ್ತು. ಮುಂದೊಂದು ದಿನ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಿಂತು ಔಷಧಿ ಹನಿಸಬೇಕಾದ ಯಂತ್ರ. ಇನ್ನೂ ಆಸ್ಪತ್ರೆಯ ಮುಖ ಕಂಡಿಲ್ಲ, ನೀರನ್ನೇ ಔಷಧಿ ಅಂದುಕೊಂಡು ಮೂರು ತಿಂಗಳಿಂದ ದುಡಿಯುತ್ತಿದೆ. ಎಲ್ಲ ಸರಿ, ಒಂದು ಕಾಯಿಲೆ ಬಿಟ್ಟರೆ. ಯಾವಾಗಲೋ ಒಮ್ಮೆ ಮೋಟರು ಕಾಲು ಸೆಕೆಂಡು ನಿಂತುಬಿಡುತ್ತದೆ, ಯಂತ್ರ ಒಂದು ಸಲ ಕೂಗುತ್ತದೆ, ಆಮೇಲೆ ಏನೂ ಆಗದವರ ಹಾಗೆ ನಡೆಯುತ್ತದೆ. ಕಾಲು ಸೆಕೆಂಡು ಅಂದರೆ ಏನು ಮಹಾ ಅಂತ ಅವನೂ ಮೊದಲ ವಾರ ಅಂದಿದ್ದ. ಮ್ಯಾನೇಜರು ತಮ್ಮ ಎಂದಿನ ತಣ್ಣನೆಯ ದನಿಯಲ್ಲಿ, "ನಿಮ್ಮನೆಯವರಿಗೆ ಹಾಕಿದ್ರೂ ಏನ್ ಮಹಾ ಅಂತೀರಾ?" ಅಂದಮೇಲೆ ಬಾಯಿ ಮುಚ್ಚಿಕೊಂಡ. ಆವತ್ತಿನಿಂದ ಅದರ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾನೆ.

ಇವತ್ತು ಶುಕ್ರವಾರ. ಸಂಜೆ ಐದಕ್ಕೆ ಪರದೆ ಮೇಡಮ್ಮಿನ ಕರಾರು ಮುಗಿಯುತ್ತದೆ. ಯಂತ್ರದ ಪರದೆಯ ಮೇಲೆ ಕಾಣುವುದೆಲ್ಲ, ಅಂಕಿ, ಗ್ರಾಫು, ಎಚ್ಚರಿಕೆಯ ಕೆಂಪು ಪಟ್ಟಿ, ಎಲ್ಲ ಬರೆದವರು ಅವರೇ, ಅದಕ್ಕೇ ಆ ಹೆಸರು. ನಲವತ್ತೈದು ದಾಟಿದವರು, ಕರಾರಿನ ಮೇಲೆ ಬಂದವರು, ಬೆನ್ನಿಗೊಂದು ದಿಂಬು ಮನೆಯಿಂದ ತಂದುಕೊಂಡು ಮೂಲೆಯ ಮೇಜಿನಲ್ಲಿ ಕೂರುವವರು. ಮುಂದುವರಿಸುವುದೋ ಬೇಡವೋ ಅನ್ನುವುದನ್ನು ಮ್ಯಾನೇಜರು ಇವತ್ತಿನವರೆಗೆ ತಡೆದಿಟ್ಟಿದ್ದರು, ಮತ್ತು ಹಾಗೆ ತಡೆದಿಡಲು ಕಾರಣ ಇವನು. ಹದಿನೈದು ದಿನದ ಹಿಂದಿನ ಮೀಟಿಂಗಿನಲ್ಲಿ ಎಂಟು ಜನರ ಮುಂದೆ ಇವನು ಹೇಳಿದ ಮಾತು ಕಾರಣ.

ಮಾತು ತಪ್ಪಾಗಿರಲಿಲ್ಲ, ಅಂತ ಇವತ್ತು ಬೆಳಿಗ್ಗೆಯೂ ಹಲ್ಲುಜ್ಜುವಾಗ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಿದ್ದ. ಯಂತ್ರದ ಒಳಗೆ ಪುಟ್ಟದೊಂದು ಆಪರೇಟಿಂಗ್ ಸಿಸ್ಟಮ್ಮು ಇದೆ. ಅದರ ಕೈಕೆಳಗೆ ಹತ್ತಾರು ಕೆಲಸಗಳು, ಇವರ ಭಾಷೆಯಲ್ಲಿ ಥ್ರೆಡ್ಡುಗಳು. ಒಂದೊಂದಕ್ಕೂ ಒಂದು ನಂಬರು. ನಂಬರು ಸಣ್ಣದಾದಷ್ಟೂ ಮರ್ಯಾದೆ ಜಾಸ್ತಿ. ಮೋಟರು ಮೂರು. ಅದು ಇವನದು. ಪರದೆ ಇಪ್ಪತ್ತು, ಎಲ್ಲರ ಕೆಲಸ ಮುಗಿದು ಬಿಡುವಾದಾಗ ಅದು ತನ್ನ ಚಿತ್ರ ಬರೆದುಕೊಳ್ಳಬೇಕು. ಆದರೆ ಮೋಟರು ನಿಂತ ಪ್ರತಿ ಸಲವೂ ದಾಖಲೆಯಲ್ಲಿ ಒಂದೇ ಸಾಲು: ಪರದೆ, ನಂಬರು ಮೂರು. ಇಪ್ಪತ್ತರಲ್ಲಿರಬೇಕಾದದ್ದು ಮೂರಕ್ಕೆ ಬಂದು ಮೋಟರಿನ ಸರಿಸಮ ಕೂತಿದೆ, ಮೋಟರು ತನ್ನ ಸರದಿಗೆ ಕಾಯುತ್ತಿದೆ. ಅವನು ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ಪರದೆಯನ್ನ ಯಾರೋ ಮೂರಕ್ಕೆ ಏರಿಸಿದಾರೆ. ತಾನಾಗೇ ಏರಕ್ಕೆ ಅದೇನು ಲಿಫ್ಟಾ?" ಅಂದಿದ್ದ. ಎಲ್ಲರೂ ನಕ್ಕರು. ಅವತ್ತು ಕೋಣೆಯಲ್ಲಿ ಒಂದು ಕುರ್ಚಿ ಕಡಿಮೆ ಇತ್ತು, ಮೇಡಂ ಬಾಗಿಲ ಹತ್ತಿರ ನೋಟ್‌ಬುಕ್ ಹಿಡಿದು ನಿಂತಿದ್ದರು. "ನಾನು ಮುಟ್ಟಿಲ್ಲ ಸರ್," ಅಂದರು. ಆಮೇಲೆ ಸ್ವಲ್ಪ ತಡೆದು, "ಕಾಯೋರಿಗೋಸ್ಕರ ಸಿಸ್ಟಮ್ಮೇ ಏರಿಸತ್ತೆ ಅಂತಾರಲ್ಲ, ಅದೇನಾದ್ರೂ..." ಅವನು ಪೂರ್ತಿ ಕೇಳಲಿಲ್ಲ. "ಅದು ಕಣ್ಣು ಮಿಟುಕಿಸೋದರೊಳಗೆ ಮುಗಿಯೋ ಮಾತು ಮೇಡಂ. ಕಾಲು ಸೆಕೆಂಡಿಂದಲ್ಲ. ಗ್ರಾಫು ಚೆನ್ನಾಗಿ ಓಡ್ಲಿ ಅಂತ ನೀವೇ ಏರಿಸಿರ್ತೀರಿ, ಮರೆತಿರ್ತೀರಿ." ನಗುತ್ತಲೇ ಅಂದ. ಆ ನಗು ಈಗಲೂ ಅವನ ಮುಖದಲ್ಲಿ ಎಲ್ಲೋ ಅಂಟಿಕೊಂಡಿದೆ ಅನ್ನಿಸಿ, ಬೆಳಿಗ್ಗೆ ಎರಡು ಸಲ ಮುಖ ತೊಳೆದಿದ್ದ. ಅದೇ ಮಧ್ಯಾಹ್ನ ಇನ್ನೊಂದು ಕೆಲಸವನ್ನೂ ಮಾಡಿದ್ದ: ಕರಾರಿನವರಿಗೆ ಮೋಟರಿನ ಕೋಡು ಓದುವ ಅಗತ್ಯವಿಲ್ಲ ಅಂತ ಎರಡು ಸಾಲಿನ ಮೇಲ್ ಕಳಿಸಿ, ಮೇಡಮ್ಮಿಗೆ ತನ್ನ ಫೋಲ್ಡರಿನ ಬಾಗಿಲು ಮುಚ್ಚಿಸಿದ್ದ.

ಕಾಯುವವರಿಗೋಸ್ಕರ ಏರಿಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವವನೇ ಅವನು. ಇಬ್ಬರು ಒಟ್ಟಿಗೆ ಮುಟ್ಟಬಾರದ್ದಕ್ಕೆಲ್ಲ ಒಂದೊಂದು ಬೀಗ ಇರುತ್ತದೆ; ಮೂರನೇ ನಂಬರಿನವನಿಗೆ ಬೇಕಾದ ಬೀಗ ಇಪ್ಪತ್ತನೇ ನಂಬರಿನವನ ಕೈಯಲ್ಲಿ ಸಿಕ್ಕಿಕೊಂಡಿದ್ದರೆ, ಸಿಸ್ಟಮ್ಮು ಆ ಇಪ್ಪತ್ತನೆಯವನನ್ನೇ ಎತ್ತಿ ಮೂರರಲ್ಲಿ ಕೂರಿಸುತ್ತದೆ. ಮಧ್ಯದವರು ಯಾರೂ ಅಡ್ಡ ಬರದೆ ಅವನು ಬೇಗ ಮುಗಿಸಿ ಬೀಗ ಬಿಟ್ಟುಕೊಡಲಿ ಅಂತ. ಬಿಟ್ಟ ಕೂಡಲೇ ಮತ್ತೆ ಇಪ್ಪತ್ತು. ಇದನ್ನು ಹೇಳುವಾಗ ಪ್ರತಿ ಸಲವೂ ಅವನು ತನ್ನ ಮನೆಯ ಕತೆ ಹೇಳುತ್ತಾನೆ. ಅಪ್ಪನ ಕಾರ್ಖಾನೆ ಬಸ್ಸು ಏಳೂ ನಲವತ್ತಕ್ಕೆ. ಇವನನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಅಪ್ಪ ಆ ಬಸ್ಸು ಹಿಡಿಯಬೇಕು. ಮನೆಯಲ್ಲಿ ಎಲ್ಲರಿಗಿಂತ ಸಣ್ಣವನು, ಎಲ್ಲರಿಗಿಂತ ನಿಧಾನದವನು ಇವನು. ಆದರೆ ಏಳೂವರೆ ಆಯಿತು ಅಂದರೆ ಇವನಿಗೆ ರಾಜೋಪಚಾರ. ಅಮ್ಮ ತಲೆ ಬಾಚುತ್ತಾಳೆ, ಅಕ್ಕ ಪುಸ್ತಕಗಳನ್ನು ಚೀಲಕ್ಕೆ ತುರುಕುತ್ತಾಳೆ, ಅಷ್ಟು ಗಡಸು ಮನುಷ್ಯ ಅಪ್ಪ, ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿ ನೆಲಕ್ಕೂರಿ ಇವನ ಬೂಟಿನ ಲೇಸು ಕಟ್ಟುತ್ತಾನೆ, ಬಿಚ್ಚದ ಹಾಗೆ ಎರಡೆರಡು ಗಂಟು. ಅಪ್ಪನ ನೆತ್ತಿ ಅವನಿಗೆ ಮೇಲಿನಿಂದ ಕಂಡಿದ್ದು ಆ ಹೊತ್ತಿನಲ್ಲಿ ಮಾತ್ರ; ಎಣ್ಣೆ ಹಚ್ಚಿದ ಕೂದಲು, ನಡುವೆ ಸಣ್ಣ ಸುಳಿ. "ಆದ್ರೆ ಭಾನುವಾರ," ಅಂತ ಪಾಠದಲ್ಲಿ ಅವನು ದನಿ ಇಳಿಸುತ್ತಾನೆ, "ಭಾನುವಾರ ಯಾರೂ ಬಗ್ತಿರಲಿಲ್ಲ. ನಾನು ಪ್ರೀತಿ ಅಂದ್ಕೊಂಡಿದ್ದೆ. ಬರೀ ಬಸ್ಸು." ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. ನಕ್ಕಮೇಲೆ ಪ್ರತಿ ಸಲವೂ ಒಂದು ಲೋಟ ನೀರು ಕುಡಿಯುತ್ತಾನೆ.

ಯಂತ್ರ ಮತ್ತೆ ಕೂಗಿತು. ಹತ್ತು ಗಂಟೆ ಐವತ್ತು ನಿಮಿಷ. ಒಂದು ಹೊಸ ವಿಚಿತ್ರ ಅಂದರೆ, ಮೊದಲೆಲ್ಲ ಒಂಬತ್ತು ಗಂಟೆಗೊಮ್ಮೆ ಬರುತ್ತಿದ್ದ ಕಾಯಿಲೆ ಈ ಸೋಮವಾರದಿಂದ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಬರತೊಡಗಿತ್ತು. ಮೊದಲ ದಿನ ಅವನಿಗೆ ಸಿಟ್ಟೇ ಬಂದಿತ್ತು. ಮೇಡಂ ಹೋಗುವ ಮುಂಚೆ ಇರುವುದನ್ನೂ ಕೆಡಿಸಿ ಹೋಗುತ್ತಿದ್ದಾರೆ ಅಂತ ಮ್ಯಾನೇಜರ ಹತ್ತಿರ ಗೊಣಗಿಯೂ ಇದ್ದ. ಆದರೆ ಮಂಗಳವಾರದ ಹೊತ್ತಿಗೆ, ಈ ಕೆಲಸ ಮಾಡುವವರಿಗೆ ಮಾತ್ರ ಅರ್ಥವಾಗುವ ಒಂದು ಸಂತೋಷ ಒಳಗೊಳಗೇ ಶುರುವಾಗಿತ್ತು. ಅಪರೂಪಕ್ಕೆ ಬರುವ ದೋಷವನ್ನು ಹಿಡಿಯುವುದು ಯಾರಿಂದಲೂ ಆಗದ ಮಾತು; ಹೊತ್ತಿಗೆ ಸರಿಯಾಗಿ ಬರುವುದನ್ನು ಯಾರು ಬೇಕಾದರೂ ಹಿಡಿಯಬಹುದು. ಒಂದು ಬಲೆ ಹಾಕು, ಕಾಯಿ, ಬರುತ್ತದೆ. ತಪ್ಪಿದರೆ ಇನ್ನೊಂದು ಹಾಕು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಬರುತ್ತದೆ. ನಿನ್ನೆ ಸಂಜೆ ಹೋಗುವ ಮುಂಚೆ ಅವನು ಕೊನೆಯ ಬಲೆ ಹಾಕಿದ್ದ: ಯಾವ ಥ್ರೆಡ್ಡು ಯಾವ ಬೀಗ ಯಾವಾಗ ತೆಗೆದುಕೊಂಡಿತು, ಯಾವಾಗ ಬಿಟ್ಟಿತು, ಒಂದನ್ನೂ ಬಿಡದೆ ಬರೆದಿಡಲಿ ಅಂತ.

ಈಗ ಆ ಪಟ್ಟಿಯನ್ನು ಬೆರಳಿಟ್ಟು ಓದಿದ. ಪರದೆ ಒಂದು ಬೀಗ ತೆಗೆದುಕೊಂಡಿತು, ಒತ್ತಡದ ಅಂಕಿಗಳನ್ನು ಓದಲು, ಸರಿ. ಮೋಟರು ಅದೇ ಬೀಗಕ್ಕೆ ಬಂದು ನಿಂತಿತು, ಸರಿ. ಸಿಸ್ಟಮ್ಮು ಪರದೆಯನ್ನು ಮೂರಕ್ಕೆ ಏರಿಸಿತು. ಅವನು ಇಲ್ಲಿ ಒಂದು ಸಲ ನಿಂತ. ಸಿಸ್ಟಮ್ಮೇ ಏರಿಸಿತು. ಯಾರೂ ಏರಿಸಿಲ್ಲ. ಮುಂದೆ ಓದಿದ. ಪರದೆ ಬೀಗ ಬಿಟ್ಟಿತು. ಈಗ ಇಳಿಯಬೇಕು. ಇಳಿಯಲಿಲ್ಲ. ಮೂರರಲ್ಲೇ ಕೂತಿದೆ, ಇನ್ನೂರ ನಲವತ್ತು ಮಿಲಿಸೆಕೆಂಡು, ಅಂದರೆ ಅದೇ ಕಾಲು ಸೆಕೆಂಡು. ಯಾಕೆ? ಅವನು ಸಿಸ್ಟಮ್ಮಿನ ಕೈಪಿಡಿ ತೆಗೆದ, ತಾನು ಹತ್ತು ವರ್ಷದಿಂದ ತೆಗೆಯದೇ ಇದ್ದ ಅಧ್ಯಾಯ, ಅದರಲ್ಲಿ ಒಂದೇ ಒಂದು ವಾಕ್ಯ: ಏರಿಸಿದ ನಂಬರು ಇಳಿಯುವುದು ಕೈಯಲ್ಲಿರುವ ಎಲ್ಲ ಬೀಗಗಳನ್ನೂ ಬಿಟ್ಟ ಮೇಲೆ. ಎಲ್ಲ ಬೀಗಗಳು. ಹಾಗಾದರೆ ಪರದೆಯ ಕೈಯಲ್ಲಿ ಇನ್ನೊಂದಿದೆ. ಮತ್ತೆ ಪಟ್ಟಿಗೆ ಬಂದ. ಇತ್ತು. ಪತ್ತೆ ಡಬ್ಬಿಯ ಬೀಗ. ಸಿಕ್ಕಿತು, ಅಂದ, ಜೋರಾಗೇ, ಖಾಲಿ ಕೋಣೆಯಲ್ಲಿ. ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದ. ಹದಿನೈದು ವರ್ಷವಾದರೂ ಈ ಒಂದು ಗಳಿಗೆಗೆ ಮುಪ್ಪು ಬಂದಿರಲಿಲ್ಲ.

ಕುರ್ಚಿ ನಿಂತಾಗ ಇನ್ನೊಂದು ಪ್ರಶ್ನೆ ಉಳಿದಿತ್ತು. ಪತ್ತೆ ಡಬ್ಬಿ ಅನ್ನುವುದು ಯಾರದು? ಅವನು ತನ್ನದೇ ಫೋಲ್ಡರು ತೆರೆದ. ಅಂಕಿಗಳನ್ನು ಓದಿಕೊಡುವ ಕೋಡು ಅವನದು. ಪರದೆಯವರು ಅದನ್ನು ಕರೆಯುತ್ತಾರೆ, ಒಳಗೆ ಏನಿದೆ ಅಂತ ನೋಡುವುದಿಲ್ಲ, ಈಗಂತೂ ನೋಡುವ ಹಾಗೂ ಇಲ್ಲ. ಇನ್ನೂರ ಹನ್ನೆರಡನೇ ಸಾಲು. ಮೂರು ತಿಂಗಳ ಹಿಂದೆ, ಬೇರೆ ಯಾವುದೋ ದೋಷ ಹುಡುಕುವಾಗ, ಯಾರು ಯಾವಾಗ ಓದಿದರು ಅಂತ ಒಂದು ಡಬ್ಬಿಯಲ್ಲಿ ಬರೆದಿಡಲು ಅವನೇ ಹಾಕಿದ ಸಾಲು. ಡಬ್ಬಿ ತುಂಬಿದರೆ, ಅದರ ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ, ಎಲ್ಲವನ್ನೂ ನಿಧಾನದ ಮೆಮೊರಿ ಕಾರ್ಡಿಗೆ ಸುರಿಯುತ್ತದೆ. ಸುರಿಯಲು ಕಾಲು ಸೆಕೆಂಡು. ಪಕ್ಕದಲ್ಲಿ ಅವನದೇ ಮಾತು: ತಾತ್ಕಾಲಿಕ, ಆಮೇಲೆ ತೆಗೆಯಬೇಕು. ಕೆಳಗೆ ತಾರೀಖು. ಅದರ ಕೆಳಗೆ, ಯಾರಿಗೂ ಸಂಶಯ ಬರಬಾರದು ಅನ್ನುವಂತೆ, ಅವನ ಹೆಸರಿನ ಮೊದಲಕ್ಷರ.

ಹನ್ನೊಂದು ಗಂಟೆ. ಅವನು ಆ ಸಾಲಿನ ತುದಿಗೆ ಹೋಗಿ ನಿಂತ. ಅಳಿಸುವ ಕೀಲಿಯನ್ನು ಅದುಮಿದರೆ ಮುಗಿಯಿತು. ಯಂತ್ರ ಸರಿಹೋಗುತ್ತದೆ, ಹೇಗೆ ಸರಿಹೋಯಿತು ಅಂತ ಯಾರೂ ಕೇಳುವುದಿಲ್ಲ, ಸರಿಹೋದ ಯಂತ್ರವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಐದು ಗಂಟೆಗೆ ಮೇಡಂ ದಿಂಬು ಎತ್ತಿಕೊಂಡು ಹೊರಡುತ್ತಾರೆ. ಅವರು ಹೋದಮೇಲೆ ದೋಷವೂ ಹೋಯಿತು ನೋಡಿ ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಅವನು ಅಲ್ಲ ಅನ್ನಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಎಷ್ಟು ಸುಲಭ ಅಂತ ಅವನಿಗೆ ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಂಡಿತು. ಒಬ್ಬರ ತಲೆಯ ಮೇಲೆ ಗೂಬೆ ಕೂರಿಸಿ ಹದಿನೈದು ದಿನ ಆಯಿತು, ಅದು ಅಲ್ಲೇ ಕೂತು ಅಭ್ಯಾಸವೂ ಆಗಿದೆ. ಅವನು ಕೀಲಿ ಅದುಮಲಿಲ್ಲ. ಹೇಳಲೂ ಹೋಗಲಿಲ್ಲ. ಇನ್ನೊಂದು ಸಲ ಖಚಿತ ಮಾಡಿಕೊಳ್ಳೋಣ ಅಂತ ಇನ್ನೊಂದು ಕೂಗಿಗೆ ಕಾದ, ಅದು ಬಂತು. ಮತ್ತೊಂದಕ್ಕೆ ಕಾದ, ಅದೂ ಬಂತು. ಖಚಿತ ಮಾಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಊಟದ ಹೊತ್ತಿನವರೆಗೆ ಹಾಗೇ ಕೂತಿದ್ದ.

ಊಟಕ್ಕೆ ಹೋದರೆ ಎಲ್ಲರ ಮುಖ ನೋಡಬೇಕಾಗುತ್ತದಲ್ಲ ಅಂತ ಮೆಟ್ಟಿಲ ಮೇಲೆ ಹೋಗಿ ಕೂತಿದ್ದಾಗ ಅಕ್ಕನ ಫೋನು ಬಂತು. ಅಕ್ಕ ಹಲೋ ಅನ್ನುವವಳಲ್ಲ. "ಅಪ್ಪಂಗೆ ಬೂಟು ತರ್ತೀಯೇನೋ? ನಿಮ್ಮ ಆಫೀಸಿನ ಕೆಳಗೇ ಅಂಗಡಿ ಇದೆಯಲ್ಲ. ಲೇಸ್ ಇಲ್ಲದ್ದು ತಾ, ಪಟ್ಟಿ ಅಂಟಿಸೋದು. ಬಗ್ಗಕ್ಕಾಗಲ್ಲ ಅವರಿಗೆ. ನಾನು ಕಟ್ತೀನಿ ಅಂದ್ರೆ ಕಾಲು ಎಳ್ಕೋತಾರೆ, ಮಾನ ಹೋಗತ್ತಂತೆ." ಆಯ್ತು ಅಂದ. ಅಳತೆ ಎಂಟು, ನೆನಪಿದೆಯಾ ಅಂದಳು. ಇದೆ ಅಂದ. ಫೋನು ಇಡಬೇಕು ಅನ್ನುವಾಗ ಅವನ ಬಾಯಿಂದ, ಮೂವತ್ತು ವರ್ಷದಿಂದ ಯಾರನ್ನೂ ಕೇಳದ ಪ್ರಶ್ನೆ ತಾನಾಗಿ ಬಂತು. "ಅಕ್ಕಾ, ನಾವು ಚಿಕ್ಕವರಿದ್ದಾಗ ಅಪ್ಪ ನಂಗೆ ಲೇಸು ಕಟ್ತಿದ್ರಲ್ಲ. ಭಾನುವಾರ ಯಾಕೆ ಕಟ್ತಿರಲಿಲ್ಲ?"

ಅಕ್ಕ, "ಏನ್ ಕೇಳ್ತಿದೀಯ ನೀನು? ಭಾನುವಾರ ನೀನೆಲ್ಲೋ ಬೂಟು ಹಾಕ್ತಿದ್ದೆ? ಚಪ್ಪಲಿ ಹಾಕ್ತಿದ್ದೆ," ಅಂದಳು.

ಅವಳೇ ಮುಂದುವರಿಸಿದಳು. "ನೀಲಿ ಚಪ್ಪಲಿ. ಒಂದರ ಪಟ್ಟಿಗೆ ಅಪ್ಪ ಪಿನ್ನು ಹಾಕಿ ಕೊಟ್ಟಿದ್ರು, ಹೊಸದು ಬೇಡ ಇದೇ ಬೇಕು ಅಂತ ನೀನು ರಂಪ ಮಾಡಿದ್ದಕ್ಕೆ. ಊಟ ಮಾಡಿದ್ಯಾ ಇಲ್ವಾ? ದನಿ ಯಾಕೋ ಹಾಗಿದೆ." ಮಾಡಿದೆ ಅಂತ ಸುಳ್ಳು ಹೇಳಿ ಫೋನಿಟ್ಟ. ನೀಲಿ ಚಪ್ಪಲಿ. ಅದರ ಪಿನ್ನು ಬೆಳಗಿನ ಹೊತ್ತು ನೆಲದ ಮೇಲೆ ಟಕ್ ಟಕ್ ಅನ್ನುತ್ತಿತ್ತು, ಈಗ ಕೇಳಿಸುತ್ತಿದೆ. ಕಟ್ಟುವುದಕ್ಕೆ ಲೇಸೇ ಇರಲಿಲ್ಲ. ಮೂವತ್ತು ವರ್ಷದಿಂದ ಅರ್ಧ ದಾಖಲೆ ಓದಿ ಅಪ್ಪನ ಮೇಲೆ ತೀರ್ಪು ಬರೆದು, ಅದನ್ನು ವರ್ಷಕ್ಕೆರಡು ಸಲ ಹೊಸಬರ ಮುಂದೆ ಜೋಕು ಮಾಡಿ ಹೇಳಿ, ನಗಿಸಿ, ನೀರು ಕುಡಿದಿದ್ದಾನೆ. ಅಪ್ಪನಿಗೆ ಇದು ಗೊತ್ತೂ ಇಲ್ಲ. ಅವನಿಗೆ ಒಮ್ಮೆ ಜೋರಾಗಿ ನಗು ಬಂತು, ಮೆಟ್ಟಿಲಲ್ಲಿ ಅದು ಕೆಳಗಿನವರೆಗೂ ಕೇಳಿಸಿರಬೇಕು. ಎದ್ದು ಮೂಲೆಯ ಮೇಜಿನ ಕಡೆಗೆ ಹೋದ.

ಮೇಡಂ ಡ್ರಾಯರು ಖಾಲಿ ಮಾಡುತ್ತಿದ್ದರು. ಎರಡನೇ ಕನ್ನಡಕ, ಕೀಬೋರ್ಡು ಒರೆಸುವ ಸಣ್ಣ ಬ್ರಷ್ಷು, ಕೈಗೆ ಹಚ್ಚುವ ಅರ್ಧ ಮುಗಿದ ಕ್ರೀಮು, ಎಲ್ಲ ಒಂದು ಬಟ್ಟೆಯ ಚೀಲಕ್ಕೆ ಹೋಗುತ್ತಿತ್ತು. ದಿಂಬು ಇನ್ನೂ ಕುರ್ಚಿಯಲ್ಲೇ ಇತ್ತು. ಅವನು ನಿಂತೇ ಇದ್ದ. ಹೇಳಬೇಕಾದದ್ದು ಬಾಯಿಯವರೆಗೆ ಬಂದು, ಅದರ ಬದಲು ಬೇರೇನೋ ಹೊರಟಿತು. "ಮೇಡಂ, ಸೋಮವಾರದಿಂದ ಅದು ಇಪ್ಪತ್ತು ನಿಮಿಷಕ್ಕೊಂದ್ಸಲ ಬರ್ತಿದೆ. ನೀವೇನಾದ್ರೂ ಬದಲಾಯಿಸಿದ್ರಾ?"

"ಹೂಂ," ಅಂದರು, ತಲೆಯೆತ್ತದೆ. "ಗ್ರಾಫು ಸೆಕೆಂಡಿಗೆ ಎರಡು ಸಲ ಬರೀತಿತ್ತು. ಈಗ ಐವತ್ತು ಸಲ ಬರೆಸ್ತಿದೀನಿ."

"ಯಾಕೆ?"

"ಒಂಬತ್ತು ಗಂಟೆಗೊಂದ್ಸಲ ಬರೋದನ್ನ ಯಾರು ಹಿಡೀತಾರೆ ಸರ್? ನೀವು ಊಟಕ್ಕೆದ್ರೆ ಬರ್ತಿತ್ತು, ಮನೆಗೆ ಹೋದ್ರೆ ಬರ್ತಿತ್ತು. ಪಾಪ, ಕಾದು ಕಾದು ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ. ನಾನು ಹೆಚ್ಚು ಸಲ ಓದಿದಷ್ಟೂ ಅದು ಬೇಗ ಬರತ್ತೆ ಅನ್ನೋದು ಮಾತ್ರ ಗೊತ್ತಾಯ್ತು. ಒಳಗೆ ಏನಿದೆ ಅಂತ ನೋಡಕ್ಕೆ ನಂಗೆ ಬಾಗಿಲಿಲ್ಲ. ನನ್ನ ಕೈಯಲ್ಲಿದ್ದದ್ದು ಪರದೆ ಒಂದೇ. ಅದನ್ನೇ ಜೋರು ಮಾಡಿದೆ." ಬ್ರಷ್ಷನ್ನು ಚೀಲದ ಬದಿಗೆ ಸಿಕ್ಕಿಸಿದರು. "ಬರೆದೂ ಇಟ್ಟಿದ್ದೆ ಸರ್, ಬದಲಾವಣೆ ಪಟ್ಟೀಲಿ. ದೋಷ ಬೇಗ ಬರಲಿ ಅಂತ ವೇಗ ಹೆಚ್ಚಿಸಿದೆ, ಅಂತ."

ಅವನು ಆ ಪಟ್ಟಿ ತೆರೆದೇ ಇರಲಿಲ್ಲ. ಪರದೆಯವರ ಪಟ್ಟಿಯಲ್ಲಿ ಏನಿರುತ್ತದೆ, ಬಣ್ಣ, ಅಕ್ಷರದ ಗಾತ್ರ. "ಅದರಿಂದ ನಿಮ್ಮ ಮೇಲೇ ಅನುಮಾನ ಜಾಸ್ತಿಯಾಯ್ತಲ್ಲ ಮೇಡಂ. ನಾನೇ ಹೋಗಿ ಮ್ಯಾನೇಜರ ಹತ್ರ..."

"ಗೊತ್ತು. ಗಾಜಿನ ಕೋಣೆ ಅದು, ಎಲ್ಲ ಕೇಳತ್ತೆ."

"ನಂಗೇ ಬಂದು ಹೇಳಬಹುದಿತ್ತು."

"ಹೇಳಿದ್ನಲ್ಲ ಸರ್, ಒಂದ್ಸಲ." ಈಗ ತಲೆಯೆತ್ತಿದರು. ಆ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಾನು ಹೇಳಿದ್ರೆ ನಂಬಲಿಲ್ಲ. ಯಂತ್ರ ಹೇಳಿದ್ರೆ ನಂಬ್ತೀರಿ ಅಂತ."

ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಬಹುದಾದ ಉಪಕಾರಗಳಲ್ಲಿ ಇಂಥದ್ದೂ ಒಂದಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಎಂಟು ಜನರ ಮುಂದೆ ತನ್ನನ್ನು ನಗೆಪಾಟಲು ಮಾಡಿದವನ ಕೆಲಸ ಹಗುರವಾಗಲಿ ಅಂತ, ತನ್ನ ಅಂದವಾದ ಗ್ರಾಫನ್ನು ತಾನೇ ಗಲೀಜು ಮಾಡಿಕೊಂಡು, ತಾನು ಇನ್ನಷ್ಟು ತಪ್ಪಿತಸ್ಥೆಯಾಗಿ ಕಾಣುವ ಹಾಗೆ ಮಾಡಿಕೊಂಡು, ಐದು ದಿನ ಸುಮ್ಮನೆ ಕಾದಿದ್ದಾರೆ. ಸಾಲು ನನ್ನದು ಮೇಡಂ, ಅಂದ. ಇನ್ನೂರ ಹನ್ನೆರಡು, ನಾನೇ ಹಾಕಿದ್ದು, ಮೂರು ತಿಂಗಳಾಯ್ತು, ತೆಗೆಯೋದು ಮರೆತೆ. ಸಿಸ್ಟಮ್ಮೇ ಏರಿಸಿದ್ದು, ನೀವು ಅವತ್ತು ಹೇಳಿದ ಹಾಗೇನೇ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. "ಓಹ್, ಹಾಗಾ," ಅಂದರು. "ಸದ್ಯ, ಸಿಕ್ತಲ್ಲ."

ಮ್ಯಾನೇಜರ ಮೇಜಿನ ಮೇಲೆ ಕರಾರಿನ ಕಾಗದ ಇತ್ತು, ಮೇಲೊಂದು ಪೆನ್ನು ಅಡ್ಡ. ಅವನು ಬಾಗಿಲು ಮುಚ್ಚಲಿಲ್ಲ. ಕೇಳಿಸುವುದಾದರೆ ಇದೂ ಕೇಳಿಸಲಿ ಅಂತ. ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಮ್ಯಾನೇಜರು ಒಂದು ಸಲವೂ ತಡೆಯಲಿಲ್ಲ, ಕೊನೆಗೆ, "ಯಾವಾಗ ಗೊತ್ತಾಯ್ತು?" ಅಂದರು.

"ಹನ್ನೊಂದಕ್ಕೆ."

ಮ್ಯಾನೇಜರು ಗೋಡೆಯ ಗಡಿಯಾರ ನೋಡಿದರು. ಅವನೂ ನೋಡಿದ. ಎರಡೂವರೆ. ಅವರು ಅದರ ಬಗ್ಗೆ ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದು ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಎಂಟು ಜನರ ಮುಂದೆ ಅಂದಿದ್ದನ್ನ ನನ್ನೊಬ್ಬನ ಮುಂದೆ ವಾಪಸ್ ತಗೊಂಡ್ರೆ ಹೇಗೆ?" ಅಂದರು. "ನಾಲ್ಕಕ್ಕೆ ಎಲ್ಲರನ್ನೂ ಕರೀರಿ."

ನಾಲ್ಕಕ್ಕೆ ಅದೇ ಕೋಣೆ, ಅದೇ ಒಂದು ಕಡಿಮೆ ಕುರ್ಚಿ. ಇವತ್ತು ಅವನು ಮೊದಲೇ ಬಂದು ಬಾಗಿಲ ಹತ್ತಿರ ನಿಂತುಕೊಂಡ, ಹಾಗಾಗಿ ಎಲ್ಲರೂ ಕೂತಮೇಲೆ ಒಂದು ಕುರ್ಚಿ ಉಳಿಯಿತು, ಮೇಡಂ ಅದರಲ್ಲಿ ಕೂತರು. ಗೋಡೆಯ ಮೇಲೆ ತನ್ನ ಸಾಲನ್ನು ತೋರಿಸಿದ, ತಾತ್ಕಾಲಿಕ ಅನ್ನುವ ಮಾತು, ತಾರೀಖು, ಮೊದಲಕ್ಷರ, ಎಲ್ಲ. ಯಾರೋ ಕೆಮ್ಮಿದರು. ಅವನು ಅವತ್ತಿನ ಲಿಫ್ಟಿನ ಮಾತನ್ನೂ ಬಿಡಲಿಲ್ಲ. "ತಾನಾಗೇ ಏರಕ್ಕೆ ಲಿಫ್ಟಾ ಅಂತ ಕೇಳಿದ್ದೆ. ಲಿಫ್ಟೇ. ಬಟನ್ ಒತ್ತಿದ್ದು ನಾನು. ಮೇಡಂ ಅವತ್ತೇ ಕೇಳಿದ್ರು, ನಾನು ನಕ್ಕೆ." ಇವತ್ತು ಯಾರೂ ನಗಲಿಲ್ಲ. ಮೇಡಂ ಗ್ರಾಫಿನ ವೇಗ ಹೆಚ್ಚಿಸಿ ಕೊಟ್ಟಿದ್ದನ್ನೂ ಹೇಳಿದ, ಅದಿಲ್ಲದಿದ್ದರೆ ಇನ್ನೂ ಆರು ತಿಂಗಳು ನೀರು ತೊಟ್ಟಿಕ್ಕುವುದನ್ನೇ ನೋಡುತ್ತಾ ಕೂತಿರುತ್ತಿದ್ದೆ ಅಂದ. ಹೇಳುವಾಗ ಕಿವಿ ಬಿಸಿಯಾಗಿತ್ತು. ಆದರೂ, ಹೀಗೆ ನಿಂತು ಸಣ್ಣವನಾಗುವುದರಲ್ಲಿ ಇಷ್ಟು ನೆಮ್ಮದಿ ಇರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಮ್ಯಾನೇಜರು ಕರಾರಿನ ಕಾಗದವನ್ನು ಮೇಡಂ ಕಡೆಗೆ ಸರಿಸಿದರು. ಒಂದು ವರ್ಷ. ಮೇಡಂ ಅದನ್ನು ಪೂರ್ತಿ ಓದಿದರು, ಪೆನ್ನು ಮುಟ್ಟಲಿಲ್ಲ. "ಮೋಟರಿನ ಫೋಲ್ಡರು ತೆರೆದಿರತ್ತಾ ಸರ್?" ಅಂತ ಕೇಳಿದ್ದು ಮ್ಯಾನೇಜರನ್ನ. ಮ್ಯಾನೇಜರು ಇವನ ಮುಖ ನೋಡಿದರು. ಇವನು ಅಲ್ಲೇ ನಿಂತುಕೊಂಡು, ಹದಿನೈದು ದಿನದ ಹಿಂದೆ ಕಳಿಸಿದ ಎರಡು ಸಾಲಿಗೆ ಬದಲಾಗಿ ಒಂದು ಸಾಲು ಕಳಿಸಿದ. ಮೇಡಮ್ಮಿನ ಲ್ಯಾಪ್‌ಟಾಪು ಟಿಣ್ ಅಂತು. ಆಮೇಲೆ ಸಹಿ ಹಾಕಿದರು.

ಐದು ಗಂಟೆಗೆ ಹೊರಡಬೇಕಾದವರು ಐದೂಕಾಲಿಗೂ ಮೂಲೆಯ ಮೇಜಿನಲ್ಲಿ, ಬೆನ್ನಿಗೆ ದಿಂಬು ಕೊಟ್ಟು, ಮೊದಲ ಸಲ ಅವನ ಕೋಡು ಓದುತ್ತಾ ಕೂತಿದ್ದರು. ಅವನು ಇನ್ನೂರ ಹನ್ನೆರಡನೇ ಸಾಲನ್ನು ತೆಗೆದು, ಗ್ರಾಫಿನ ವೇಗವನ್ನು ಇದ್ದ ಹಾಗೇ ಐವತ್ತರಲ್ಲಿ ಬಿಟ್ಟು, ಯಂತ್ರದ ಮುಂದೆ ಕೂತಿದ್ದ. ಇಪ್ಪತ್ತೆರಡು ನಿಮಿಷ ದಾಟಿತು. ಮೂವತ್ತು. ಪರದೆ ಮೂರಕ್ಕೆ ಏರಿತು, ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತಕ್ಕೆ ಇಳಿಯಿತು, ಮತ್ತೆ ಏರಿತು, ಇಳಿಯಿತು. ಕೂಗಿಲ್ಲ. ಹನಿ ಬಿತ್ತು, ಇನ್ನೊಂದು ಬಿತ್ತು. ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ಬಂದು ನಿಂತರು. "ಸರ್, ತಪ್ಪು ತಿಳ್ಕೋಬೇಡಿ. ಇದೇ ತರಹ ಇನ್ನೊಂದು ಕಡೆ ಇದೆ ಅನ್ಸತ್ತೆ. ಎಚ್ಚರಿಕೆ ಕೂಗು ಹಾಕೋ ಕಡೆ. ಅಲ್ಲೂ ನಿಮ್ಮ ತಾತ್ಕಾಲಿಕ ಒಂದಿದೆ." ಅವನು ಹೋಗಿ ನೋಡಿದ. ಇತ್ತು. ಮೋಟರು ಕಾಲು ಸೆಕೆಂಡು ನಿಂತರೆ ಯಂತ್ರ ಕೂಗಿ ಹೇಳುತ್ತದೆ. ಕೂಗೇ ನಿಂತರೆ ಹೇಳುವವರು ಯಾರು. "ದೇವರು ದೊಡ್ಡವನು," ಅಂದ, ದೇವರ ವಿಷಯ ಎಂದೂ ಎತ್ತದವನು. "ದೇವರಲ್ಲ ಸರ್, ಮುನ್ನೂರ ನಾಲ್ಕನೇ ಸಾಲು," ಅಂದರು ಮೇಡಂ. ಹದಿನೈದು ದಿನದಲ್ಲಿ ಅವರು ನಕ್ಕಿದ್ದು ಅದೇ ಮೊದಲು. ಅದನ್ನೂ ತೆಗೆದರು, ಸೋಮವಾರ ಉಳಿದ ಎಲ್ಲವನ್ನೂ ಇಬ್ಬರೂ ಕೂತು ಓದುವುದು ಅಂತಾಯಿತು.

ಹೊರಡುವಾಗ ಆರಾಗಲು ಐದು ನಿಮಿಷ ಇತ್ತು, ಕೆಳಗಿನ ಬೂಟಿನ ಅಂಗಡಿ ಏಳರವರೆಗೆ ತೆರೆದಿರುತ್ತದೆ ಅಂತ ಅವನು ಫೋನು ಮಾಡಿ ಕೇಳಿಕೊಂಡಿದ್ದ. ಅಪ್ಪನಿಗೆ ಎಂಟರ ಅಳತೆ. ಪಟ್ಟಿ ಅಂಟಿಸುವುದನ್ನೇ ತರಬೇಕು, ಆದರೆ ಮೊದಲ ದಿನ ತಾನೇ ಮಂಡಿಯೂರಿ ಹಾಕಬೇಕು, ಕಾಲು ಎಳೆದುಕೊಂಡರೂ ಬಿಡಬಾರದು, ಅಂತ ಯೋಚಿಸುತ್ತಾ ಲಿಫ್ಟಿನ ಕಡೆಗೆ ನಡೆಯುವಾಗ ಹಿಂದಿನಿಂದ ಯಾರೋ ಎಳೆದಂತಾಯಿತು. ನೋಡಿದರೆ ಬಲಗಾಲಿನ ಲೇಸು ಬಿಚ್ಚಿ, ಅದರ ತುದಿಯನ್ನು ಅವನೇ ಮೆಟ್ಟಿದ್ದ. ಮುಂದೆ ಮೇಡಂ ಆಗಲೇ ಲಿಫ್ಟಿನೊಳಗೆ ನಿಂತಿದ್ದರು, ಒಂದು ತೋಳಿನಲ್ಲಿ ಬಟ್ಟೆಯ ಚೀಲ. ದಿಂಬನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದರು. "ನೀವು ಹೋಗಿ ಮೇಡಂ," ಅಂತ ಅವನು ಬಗ್ಗಿದ. ದಿನವೆಲ್ಲ ಕೂತು ಬೆರಳು ಬಿಗಿದುಕೊಂಡಿದ್ದವು, ಮೊದಲ ಗಂಟು ಜಾರಿತು.

ಲಿಫ್ಟಿನ ಬಾಗಿಲು ಮುಚ್ಚಲು ಹೋಗಿ, ಮತ್ತೆ ತೆರೆದುಕೊಂಡ ಸದ್ದಾಯಿತು. ಅವನು ತಲೆಯೆತ್ತಿದ. ಮೇಡಂ ಅಂಗೈಯಿಂದ ಬಾಗಿಲು ತಡೆದು ನಿಂತಿದ್ದರು.

"ನಿಧಾನ ಕಟ್ಕೊಳಿ," ಅಂದರು. "ನಂಗೇನೂ ಅವಸರ ಇಲ್ಲ."